ಒಡೆದದ್ದು, ಒಡೆಯದ್ದು

ಯಾವ ಊರಿಗೆ ಹೋದರೂ ಅಲ್ಲೊಂದು ವಸ್ತುಸಂಗ್ರಹಾಲಯವಿದ್ದರೆ, ಗಾಜಿನ ಸಾಮಾನು ಎಲ್ಲಿಟ್ಟಿದ್ದಾರೆ ಎಂದು ಮೊದಲು ವಿಚಾರಿಸುತ್ತೇನೆ. ಬಾಗಿಲ ಕಾವಲಿನವರು ಒಮ್ಮೆ ನನ್ನ ಮುಖ ನೋಡುತ್ತಾರೆ. ಜನ ಸಾಮಾನ್ಯವಾಗಿ ಕೇಳುವುದು ಕತ್ತಿ, ಗುರಾಣಿ, ಸಿಂಹಾಸನ. ಗಾಜಿನ ಕೋಣೆ ಎಲ್ಲೋ ಮೂಲೆಯಲ್ಲಿರುತ್ತದೆ. ಜನ ಅಲ್ಲಿ ನಿಲ್ಲುವುದು ಕಡಿಮೆ. ನನಗೆ ಅದೇ ಅನುಕೂಲ. ಒಂದೊಂದು ಕಪಾಟಿನ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಗುಡಗೇರಿಯವಳಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಬೀಗರು-ಬಿಜ್ಜರು ನಗುತ್ತಾರೆ. ನಮ್ಮದು ಎರೆಭೂಮಿ. ಹತ್ತಿ, ಜೋಳ, ಮೆಣಸಿನಕಾಯಿ, ಕಡಲೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲು ಕುಂದಗೋಳ, ಸಂಶಿ ದಾಟಿದ ಮೇಲೆ ಬರುವ ಸಣ್ಣ ಸ್ಟೇಶನ್ನು ನಮ್ಮದು. ಆದರೆ ಗಾಜು ನಮ್ಮ ಭಾಗಕ್ಕೆ ಹೊಸದಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಈ ಸೀಮೆ ಹಲವು ದೊರೆಗಳ ನಡುವೆ ಹಂಚಿಹೋಗಿತ್ತು. ಕುಂದಗೋಳ ಜಮಖಂಡಿಗೆ, ಲಕ್ಷ್ಮೇಶ್ವರ ಹಿರಿಯ ಮಿರಜಕ್ಕೆ, ಶಿರಹಟ್ಟಿ ಸಾಂಗ್ಲಿಗೆ, ಸವಣೂರು ನವಾಬರಿಗೆ, ನಮ್ಮ ಗುಡಗೇರಿ ಕಿರಿಯ ಮಿರಜ ಸಂಸ್ಥಾನಕ್ಕೆ. 1948ರಲ್ಲಿ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಒಂದು ಹರದಾರಿ ನಡೆದರೆ ದೊರೆ ಬದಲಾಗುತ್ತಿದ್ದ. ದೊರೆ ಎಂದಮೇಲೆ ದರಬಾರು, ದರಬಾರು ಎಂದಮೇಲೆ ಹಂಡಿ-ಝುಂಬರದಂಥ ಗಾಜಿನ ತೂಗುದೀಪ. ಅದನ್ನು ನೋಡಿ ಇನಾಮದಾರರು, ದೇಸಾಯರು, ಗೌಡರು ತಮ್ಮ ತಮ್ಮ ವಾಡೆಯ ಪಡಸಾಲೆಗೂ ಒಂದೆರಡು ತೂಗಿಸಿಕೊಂಡರು.

ನಾನು ಸಣ್ಣವಳಿದ್ದಾಗ ನಮ್ಮ ಪೈಕಿಯವರ ವಾಡೆಯೊಂದರಲ್ಲಿ ಅಂಥ ಹಂಡಿಗಳಿದ್ದವು. ಕೆಂಪು, ನೀಲಿ, ಹಸಿರು. ಬಾಯಿ ಅಗಲ, ತಳ ದುಂಡು, ಮೂರು ಹಿತ್ತಾಳೆ ಸರಪಳಿಯಲ್ಲಿ ತೊಲೆಗೆ ತೂಗುಬಿದ್ದಿದ್ದವು. ಒಳಗೊಂದು ಗಾಜಿನ ಬಟ್ಟಲು. ಅದರಲ್ಲಿ ಅರ್ಧ ನೀರು, ಅದರ ಮೇಲೆ ಎಣ್ಣೆ, ಎಣ್ಣೆಯಲ್ಲಿ ಬತ್ತಿ. ಎಣ್ಣೆ ತೀರಿದರೆ ಬತ್ತಿ ನೀರಿಗೆ ತಾಗಿ ತಾನೇ ಆರುತ್ತದೆ. ಗಾಜು ಕಾದು ಸೀಳುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವಳು ನಮ್ಮ ಆಯಿ, ಅಂದರೆ ಅಜ್ಜಿ. ಆದರೆ ಆ ದೀಪ ಹಚ್ಚಿದ್ದನ್ನು ನಾನು ನೋಡಲಿಲ್ಲ. ನವರಾತ್ರಿಗೆ ಮೊದಲು ಅವನ್ನು ಇಳಿಸಿ, ಒರೆಸಿ, ಮತ್ತೆ ಏರಿಸುತ್ತಿದ್ದರು, ಅಷ್ಟೆ. ಇಳಿಸುವ ದಿನ ಮಕ್ಕಳನ್ನು ಹಿತ್ತಲಿಗೆ ಅಟ್ಟುತ್ತಿದ್ದರು. ಕಿಟಕಿಯ ಸಂದಿಯಿಂದ ನೋಡುತ್ತಿದ್ದೆವು. ನಿಚ್ಚಣಿಕೆಯ ಮೇಲೆ ಒಬ್ಬ, ಕೆಳಗೆ ಜಮಖಾನೆಯ ನಾಲ್ಕು ತುದಿ ಹಿಡಿದು ನಾಲ್ವರು. ಆ ಮನೆಯ ಸೊಸೆಗೆ ಕೂಡ ಅದನ್ನು ಮುಟ್ಟಲು ಕೊಡುತ್ತಿರಲಿಲ್ಲ.

ನಮ್ಮ ಮನೆಯ ಗಾಜು ಬೇರೆ ಜಾತಿಯದು. ಸಂಜೆ ಐದಾಯಿತೆಂದರೆ ಕಂದೀಲಿನ ಗಾಜು ಒರೆಸುವುದು ಹೆಣ್ಣುಮಕ್ಕಳ ಪಾಳಿ. ಒಲೆಯ ಸಣ್ಣ ಬೂದಿ, ಅಜ್ಜನ ಹಳೇ ಧೋತರದ ಚೂರು. ಗಾಜಿನ ಬಾಯಿ ಸಣ್ಣದು. ದೊಡ್ಡವರ ಕೈ ಒಳಗೆ ಹೋಗುವುದಿಲ್ಲ. ಹಾಗಾಗಿ ಆ ಕೆಲಸ ನನ್ನದೇ ಆಯಿತು. ಮುಷ್ಟಿಗೆ ಅರಿವೆ ಸುತ್ತಿ ಒಳಗೆ ಹಾಕಿ ತಿರುವಬೇಕು. ಜೋರು ಮಾಡಿದರೆ ಟಣ್ಣೆಂದು ಸೀಳುತ್ತಿತ್ತು. ಮಳೆಗಾಲದಲ್ಲಿ ಉರಿಯುವ ಕಂದೀಲಿನ ಮೇಲೆ ಸೋರುವ ಹನಿ ಒಂದು ಬಿದ್ದರೂ ಸಾಕು. ಹೊಸ ಗಾಜು ತರಲು ಅಪ್ಪ ಲಕ್ಷ್ಮೇಶ್ವರದ ಸಂತೆಗೇ ಹೋಗಬೇಕು. ಅಲ್ಲಿಯವರೆಗೆ ಚಿಮಣಿ ಬುಡ್ಡಿಯ ಹೊಗೆಯಲ್ಲೇ ಓದು.

ಆ ಕಂದೀಲಿನ ಹೆಸರು ಪ್ರಭಾಕರ. ಅದರ ಕತೆ ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಕರಾಡದ ಬಳಿಯ ಓಗಲೆವಾಡಿಯಲ್ಲಿ ಓಗಲೆ ಸಹೋದರರು 1916ರಲ್ಲಿ ಗಾಜಿನ ಕಾರ್ಖಾನೆ ಶುರುಮಾಡಿದರು. ಅದಕ್ಕೂ ಮೊದಲು, 1908ರಲ್ಲಿ, ಪುಣೆಯ ಹತ್ತಿರ ತಳೇಗಾವದಲ್ಲಿ ‘ಪೈಸಾ ಫಂಡ್’ ಗಾಜಿನ ಕಾರ್ಖಾನೆ ಎದ್ದಿತ್ತು. ಸ್ವದೇಶಿ ಚಳವಳಿಯ ಕಾಲ; ಮನೆಮನೆಯಿಂದ ಪೈಸೆ ಪೈಸೆ ಕೂಡಿಸಿ ಕಟ್ಟಿದ ಕಾರ್ಖಾನೆ, ಜತೆಗೆ ಗಾಜು ಊದುವುದನ್ನು ಕಲಿಸುವ ಶಾಲೆ. ಟಿಳಕರು ಅದರ ಬೆನ್ನಿಗಿದ್ದರು. ಅಲ್ಲಿಯವರೆಗೆ ಈ ದೇಶದ ದೀಪದ ಗಾಜು, ಬಾಟಲಿ, ಮಣಿ, ಕಡೆಗೆ ಹೆಂಗಸರ ಬಳೆ ಕೂಡ ಬಹುಪಾಲು ಹಡಗಿನಲ್ಲಿ ಬರುತ್ತಿದ್ದವು. ಬಂದದ್ದು ಹೆಚ್ಚಾಗಿ ಆಸ್ಟ್ರಿಯಾ ಸಾಮ್ರಾಜ್ಯದ ಬೊಹೆಮಿಯಾ ಸೀಮೆಯಿಂದ, ಇಂದಿನ ಚೆಕ್ ದೇಶದಿಂದ. 1914ರಲ್ಲಿ ಯುದ್ಧ ಶುರುವಾಗಿ ಆ ಹಡಗು ನಿಂತಿತು. ಬೇರೆ ದಾರಿಯಿಲ್ಲದೆ ಇಲ್ಲಿಯವರ ಭಟ್ಟಿಗಳಿಗೆ ಗಿರಾಕಿ ಹುಟ್ಟಿದರು. ನಾನು ಬೂದಿ ಹಾಕಿ ತಿಕ್ಕುತ್ತಿದ್ದ ಕಂದೀಲಿನ ಹಿಂದೆ ಒಂದು ಮಹಾಯುದ್ಧವಿತ್ತು.

ಊರಿಗೆ ಲೈಟು ಬಂದಮೇಲೆ ಕಂದೀಲು ಅಟ್ಟ ಸೇರಿತು. ವಾಡೆಯ ಹಂಡಿಗಳು ಮಾತ್ರ ಊರನ್ನೇ ಬಿಟ್ಟವು. ಹಳೇ ಸಾಮಾನು ಕೊಳ್ಳುವ ವ್ಯಾಪಾರಿಗಳು ಆಗ ಹಳ್ಳಿಹಳ್ಳಿ ತಿರುಗುತ್ತಿದ್ದರು. ಒಬ್ಬ ಬಂದು ವಾಡೆಯ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಇವುಗಳಿಂದ ಏನು ಉಪಯೋಗ, ದೂಳು ಕೂಡಿಸುವುದಕ್ಕೆ ಮಾತ್ರ ಎಂದನಂತೆ. ಕೊಟ್ಟ ದುಡ್ಡಿನಲ್ಲಿ ಒಂದು ಜತೆ ಎತ್ತು ಬಂದವು ಎಂದು ಆ ಮನೆಯವರು ಸಂತೋಷದಿಂದ ಹೇಳುತ್ತಿದ್ದರು. ಹುಲ್ಲು ತುಂಬಿದ ಕಟ್ಟಿಗೆ ಪೆಟ್ಟಿಗೆಯಲ್ಲಿ ಹಂಡಿಗಳು ಚಕ್ಕಡಿ ಏರಿ ಸ್ಟೇಶನ್ನಿಗೆ ಹೋದವು. ಈಗ ಯಾವ ಹೋಟೆಲಿನ ಜಗಲಿಯಲ್ಲೋ, ಯಾರ ಬಂಗಲೆಯಲ್ಲೋ ತೂಗುತ್ತಿರಬೇಕು. ಹಂಡಿ ಮಾರಿದವರೂ ಕೊಂಡವರೂ ಈಗಿಲ್ಲ. ತೊಲೆಗೆ ಹೊಡೆದಿದ್ದ ಕೊಂಡಿಗಳು ಮಾತ್ರ ನಾನು ಕಡೆಯ ಸಲ ನೋಡಿದಾಗಲೂ ಹಾಗೇ ಇದ್ದವು.

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ನಾನು ಮೊದಲ ಸಲ ಹೋದದ್ದು 1970ರ ದಶಕದಲ್ಲಿ, ಕಾಲೇಜಿನಲ್ಲಿದ್ದಾಗ. ಸೋದರತ್ತೆಯ ಗಂಡ ರೈಲ್ವೆಯಲ್ಲಿದ್ದರು, ಸಿಕಂದರಾಬಾದಿನಲ್ಲಿ ಮನೆ. ರಜೆಗೆ ಹೋದವಳನ್ನು ಅತ್ತಿ ಊರು ತೋರಿಸಲು ಕರಕೊಂಡು ಹೋದಳು. ಮೂಸಿ ನದಿಯ ದಂಡೆಯ ಆ ಕಟ್ಟಡ ಆಗ ಇನ್ನೂ ಹೊಸದು. 1968ರಲ್ಲಿ ಅಲ್ಲಿಗೆ ಸಂಗ್ರಹವನ್ನು ಸಾಗಿಸಿದ್ದರು. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಮದುವೆಯಾಗದೆ ಉಳಿದು, ಜೀವಮಾನವೆಲ್ಲ ಸಾಮಾನು ಕೊಳ್ಳುವುದರಲ್ಲೇ ಕಳೆದವರು. 1949ರಲ್ಲಿ ಅವರು ತೀರಿಕೊಂಡ ಮೇಲೆ, 1951ರ ಡಿಸೆಂಬರಿನಲ್ಲಿ, ಅವರ ದಿವಾನ್ ದೇವಡಿಯಲ್ಲೇ ನೆಹರೂ ಈ ಮ್ಯೂಸಿಯಮ್ಮನ್ನು ಉದ್ಘಾಟಿಸಿದ್ದರು.

ಎಲ್ಲರ ಹಾಗೆ ನಾವೂ ಗಡಿಯಾರದ ಮುಂದೆ ಕೂತು, ಗಂಟೆ ಬಾರಿಸುವ ಸಣ್ಣ ಗೊಂಬೆ ಹೊರಬರುವುದನ್ನು ಕಾದೆವು. ಮುಸುಕಿನ ರೆಬೆಕ್ಕಳ ಅಮೃತಶಿಲೆಯ ಮುಖ ನೋಡಿ ಅತ್ತಿ, ‘ಕಲ್ಲಾಗ ಸೆರಗು ಹೊಚ್ಚಾನ ನೋಡವಾ’ ಎಂದು ಬೆರಗಾದಳು. ಆಮೇಲೆ ಗಾಜಿನ ವಿಭಾಗಕ್ಕೆ ಬಂದೆವು. ಬೊಹೆಮಿಯಾ, ವೆನಿಸ್ಸು, ಇಂಗ್ಲೆಂಡು, ಫ್ರಾನ್ಸು ಎಂದು ಚೀಟಿ ಅಂಟಿಸಿದ ಕಪಾಟುಗಳು. ಹೂಜಿ, ಬಟ್ಟಲು, ಸುರಾಹಿ, ಹೂದಾನಿ, ದೀಪ. ನನಗೆ ಕಂಡದ್ದು ವಾಡೆಯ ಕೆಂಪು. ಅದೇ ದಾಳಿಂಬರ ಕೆಂಪು, ಆದರೆ ನೂರು ಆಕಾರದಲ್ಲಿ.

ಆ ಕೆಂಪಿನ ಗುಟ್ಟು ಆಮೇಲೆ ಪುಸ್ತಕಗಳಲ್ಲಿ ಸಿಕ್ಕಿತು. ಬಂಗಾರವನ್ನು ಆಮ್ಲದಲ್ಲಿ ಕರಗಿಸಿ ಅದರ ಒಂದಿಷ್ಟನ್ನು ಗಾಜಿನ ಪಾಕಕ್ಕೆ ಸೇರಿಸುತ್ತಾರೆ. ಮೊದಲು ಬಣ್ಣವೇ ಕಾಣುವುದಿಲ್ಲ. ಆರಿದ ಗಾಜನ್ನು ಮತ್ತೆ ಹದವಾಗಿ ಕಾಯಿಸಿದಾಗ ಬಂಗಾರದ ಕಣಗಳು ಕೂಡಿಕೊಂಡು ಕೆಂಪು ಏರುತ್ತದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಪೋಟ್ಸ್‌ಡಾಮಿನಲ್ಲಿ ಯೋಹಾನ್ ಕುಂಕೆಲ್ ಈ ಹದ ಕಂಡುಕೊಂಡ. 1830ರ ದಶಕದಲ್ಲಿ ಬೊಹೆಮಿಯಾದ ಫ್ರೀಡ್ರಿಕ್ ಎಗರ್ಮನ್ ಬಂಗಾರದ ಹಂಗಿಲ್ಲದೆ, ಬಿಳಿ ಗಾಜಿನ ಮೈಗೆ ತಾಮ್ರದ ಲೇಪ ಕೊಟ್ಟು ಸುಟ್ಟು ಕೆಂಪು ತರಿಸಿದ. ಲೇಪ ತೆಳುವಾದ್ದರಿಂದ ಸಾಣೆಗಾಲಿಯಲ್ಲಿ ಕೆತ್ತಿದರೆ ಕೆಳಗಿನ ಬಿಳಿ ಕಾಣುತ್ತದೆ. ಕೆಂಪಿನ ನಡುವೆ ಬಿಳಿಯ ಜಿಂಕೆ, ಬಳ್ಳಿ, ದ್ರಾಕ್ಷಿಗೊನೆ. ಸೋವಿಯಾದ ಮೇಲೆ ಅದು ಲೋಕವೆಲ್ಲ ಹಬ್ಬಿತು. ಅದೇ ಕಾಲಕ್ಕೆ ಯುರೇನಿಯಂ ಸೇರಿಸಿ ಹಳದಿ-ಹಸಿರಿನ ಗಾಜನ್ನೂ ಅಲ್ಲಿಯವರು ಮಾಡಿದರು. ಕತ್ತಲಲ್ಲಿ ನೇರಳಾತೀತ ಕಿರಣ ಬಿಟ್ಟರೆ ಅದು ಇಂದಿಗೂ ಹಸಿರಾಗಿ ಹೊಳೆಯುತ್ತದೆ.

ಇಂಗ್ಲೆಂಡಿನ ಕಪಾಟಿನಲ್ಲಿ ಬಣ್ಣ ಕಡಿಮೆ, ಥಳಕು ಜಾಸ್ತಿ. 1674ರಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ಲಂಡನ್ನಿನ ವರ್ತಕ ಸ್ಫಟಿಕದಂಥ ಗಾಜು ಮಾಡುವ ಹಕ್ಕುಪತ್ರ ಪಡೆದು, ಮುಂದೆ ಅದಕ್ಕೆ ಸೀಸ ಬೆರೆಸಿದ. ಸೀಸ ಬೆರೆತ ಗಾಜು ತೂಕವಾಗುತ್ತದೆ, ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಬೆರಳಲ್ಲಿ ಮೀಟಿದರೆ ಗಂಟೆಯಂತೆ ನಾದ ಬಿಡುತ್ತದೆ. ಆಮೇಲೆ 1745ರಲ್ಲಿ ಅಲ್ಲಿಯ ಸರಕಾರ ಗಾಜಿನ ತೂಕದ ಮೇಲೆ ತೆರಿಗೆ ಹಾಕಿತು. ಗಾಜು ತೆಳ್ಳಗಾಯಿತು, ಲೋಟದ ಕಾಂಡ ಸಣ್ಣಗಾಯಿತು. ಐರ್ಲೆಂಡಿಗೆ ಆ ತೆರಿಗೆ ಬಹುಕಾಲ ತಟ್ಟಲಿಲ್ಲ. ಹಾಗಾಗಿ ವಾಟರ್‌ಫರ್ಡಿನ ಗಾಜು ದಪ್ಪಗೆ, ಆಳವಾಗಿ ಕೆತ್ತಿಸಿಕೊಂಡು ಹೊರಟಿತು. ಒಂದು ಹೂಜಿಯ ದಪ್ಪ ನೋಡಿ ಯಾವ ರಾಜ್ಯದ ತೆರಿಗೆ ಕಾನೂನಿನಲ್ಲಿ ಹುಟ್ಟಿತು ಎಂದು ಊಹಿಸಬಹುದು ಎಂದಮೇಲೆ ಕಪಾಟಿನ ಮುಂದೆ ನಿಲ್ಲುವುದಕ್ಕೆ ಬೇಸರವೆಲ್ಲಿ?

ಆದರೆ ಆ ದಿನ ನನಗೆ ಇದೊಂದೂ ಗೊತ್ತಿರಲಿಲ್ಲ. ಒಂದು ಸಾಲು ಲೋಟದ ಮುಂದೆ ಬಾಯಿ ತೆರೆದು ನಿಂತಿದ್ದೆ. ಬಾಯಿಯ ಅಂಚಿಗೆ ಬಂಗಾರದ ಗೆರೆ, ಮೈತುಂಬ ಹೂವು. ಅತ್ತಿ ಬಗ್ಗಿ, ಆಕಡೆ ಈಕಡೆಯಿಂದ ನೋಡಿ, ‘ಇದರಾಗ ಯಾರರ ನೀರು ಕುಡದಾರ ಅಂತೀಯೇನು?’ ಎಂದಳು.

‘ಕುಡದಿರಬೇಕು, ಅತ್ತಿ. ನವಾಬರು.’

‘ಇಲ್ಲವಾ. ಕುಡದಿದ್ದರ ಇಷ್ಟೊತ್ತಿಗೆ ಒಡದು ಹೋಗಿರತಿತ್ತು. ಬಂಗಾರದ ಗೆರಿ ನೋಡು, ಒಂದೀಟರ ಸವದೈತೇನು? ದಿನಾ ತೊಳಿಯೋ ಕೈಗೆ ಗೊತ್ತಾಗತೈತಿ.’

ಅತ್ತಿ ನಾಲ್ಕನೆಯ ಇಯತ್ತೆ ಕಲಿತವಳು. ಗಾಜಿನ ಬಗ್ಗೆ ನಾನು ಆಮೇಲೆ ಓದಿದ ಯಾವ ಪುಸ್ತಕವೂ ಆ ಮಾತಿನಷ್ಟು ಸೀದಾ ವಿಷಯಕ್ಕೆ ಬರಲಿಲ್ಲ. ಅಲಂಕಾರದ ಗಾಜು ನಮ್ಮವರೆಗೆ ಉಳಿದು ಬಂದಿದ್ದರೆ ಅದಕ್ಕೆ ಕಾರಣ ಅದರ ಚೆಲುವಲ್ಲ, ಅದನ್ನು ಬಳಸದೇ ಇಟ್ಟದ್ದು. ಬಳಸಿದ್ದು ಒಡೆಯಿತು, ಬಳಸದ್ದು ಕಪಾಟು ಸೇರಿತು.

ಈ ಮಾತಿನ ದೊಡ್ಡ ಸಾಕ್ಷಿ ಉದಯಪುರದಲ್ಲಿದೆ. ಬರ್ಮಿಂಗ್‌ಹ್ಯಾಮಿನ ಓಸ್ಲರ್ ಕಂಪನಿ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ರಾಜಮಹಾರಾಜರಿಗೆ ಝುಂಬರ ಮಾರಿ ಬೆಳೆದ ಕಂಪನಿ. 1851ರ ಲಂಡನ್ ಮಹಾಪ್ರದರ್ಶನದ ನಡುಮಧ್ಯೆ ಗಾಜಿನ ಕಾರಂಜಿ ನಿಲ್ಲಿಸಿ ಹೆಸರು ಮಾಡಿದವರು. ಅದಕ್ಕೂ ಮೊದಲೇ ಕಲಕತ್ತೆಯಲ್ಲಿ ಅಂಗಡಿ ತೆರೆದಿದ್ದರು. ಮೇವಾಡದ ಮಹಾರಾಣಾ ಸಜ್ಜನಸಿಂಗರು 1877ರಲ್ಲಿ ಅವರಿಗೆ ಸ್ಫಟಿಕ ಗಾಜಿನ ಕುರ್ಚಿ, ಸೋಫಾ, ಮೇಜು, ಮಂಚದವರೆಗೆ ಪಟ್ಟಿ ಬರೆಸಿ ಕೊಟ್ಟರು. 1884ರಲ್ಲಿ ಮಹಾರಾಣಾ ತೀರಿಕೊಂಡರು. ಬಂದ ಪೆಟ್ಟಿಗೆಗಳನ್ನು ಯಾರೂ ಬಿಚ್ಚಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಹಾಗೇ ಬಿದ್ದಿದ್ದವು. ಈಗ ಫತೇಪ್ರಕಾಶ ಅರಮನೆಯ ಮಾಳಿಗೆಯಲ್ಲಿ ಅವೆಲ್ಲ ಪ್ರದರ್ಶನಕ್ಕಿವೆ. ನೋಡಲು ಹೋದಾಗ ಆ ಮಂಚದ ಮುಂದೆ ನಿಂತು ಅತ್ತಿಯನ್ನು ನೆನೆದೆ. ಮಾಡಿಸಿದವನು ನೋಡಲಿಲ್ಲ, ಯಾರೂ ಅದರ ಮೇಲೆ ನಿದ್ದೆ ಮಾಡಲಿಲ್ಲ. ಅಷ್ಟು ಅಖಂಡವಾಗಿ ಉಳಿದದ್ದಕ್ಕೆ ಅದೇ ಕಾರಣ.

ಹಾಗೆಂದು ಕೆಲಸ ಮಾಡುತ್ತಲೇ ಉಳಿದ ಗಾಜು ಇಲ್ಲವೆಂದಲ್ಲ. ಮೈಸೂರು ಅರಮನೆಯ ಕಲ್ಯಾಣಮಂಟಪದ ನೆತ್ತಿಯ ಬಣ್ಣದ ಗಾಜು ಗ್ಲಾಸ್ಗೊದ ಮ್ಯಾಕ್‌ಫರ್ಲೇನರ ಕಾರ್ಖಾನೆಯದು. ನವಿಲಿನ ಚಿತ್ತಾರ ನಮ್ಮವರದು, ಎರಕದ ಕಂಬ ಅವರದು. 1912ರಲ್ಲಿ ಅರಮನೆ ಮುಗಿದಂದಿನಿಂದ ದಿನವೂ ಬಿಸಿಲು ಅದರ ಮೂಲಕವೇ ಇಳಿದು ನೆಲದ ಹಾಸಿನ ಮೇಲೆ ಬಣ್ಣ ಚೆಲ್ಲುತ್ತದೆ. ಕೊಲ್ಲಾಪುರದ ಹೊಸ ಅರಮನೆಯ ದರಬಾರ ಹಾಲಿನ ಗಾಜಿನಲ್ಲಿ ಶಿವಾಜಿಯ ಜೀವನದ ಪ್ರಸಂಗಗಳಿವೆ. ಅದೂ ಬೆಳಕು ಸೋಸುತ್ತಲೇ ಇದೆ. ಇವು ಕೈಗೆ ಎಟುಕದ ಎತ್ತರದಲ್ಲಿರುವುದರಿಂದ ಬಚಾವಾದವು. ಕೈಗೆ ಎಟುಕುವ ಗಾಜಿನ ಪಾಡೇ ಬೇರೆ.

ಕೈ ಎಂದಮೇಲೆ ಬಳೆಯ ಮಾತು ಬರಲೇಬೇಕು. ನಮ್ಮ ಮನೆಗೆ ಬರುತ್ತಿದ್ದ ಬಳೆಗಾರ ಹೆಗಲ ಮೇಲೆ ಮಲಾರ ಹೊತ್ತು, ಹೊಸ್ತಿಲ ಬಳಿ ಕೂತು, ಒಬ್ಬೊಬ್ಬರ ಕೈಯನ್ನೂ ತನ್ನ ಎಡಗೈಯಲ್ಲಿ ಹಿಡಿದು ಹಿಸುಕುತ್ತಿದ್ದ. ಹೆಬ್ಬೆರಳಿನ ಬುಡದ ಎಲುಬನ್ನು ಒಳಕ್ಕೆ ಒತ್ತಿ, ಸಬೂನಿನ ನೀರು ಹಚ್ಚಿ, ಬಳೆಯನ್ನು ತಿರುವುತ್ತ ತಿರುವುತ್ತ ಮಣಿಕಟ್ಟು ದಾಟಿಸುತ್ತಿದ್ದ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಕೈ ಎಳೆಯುವಂತಿಲ್ಲ. ಇಡುವಾಗ ಒಡೆದದ್ದು ಬಳೆಗಾರನ ಲೆಕ್ಕಕ್ಕೆ, ಇಟ್ಟಮೇಲೆ ಒಡೆದದ್ದು ನಮ್ಮ ಲೆಕ್ಕಕ್ಕೆ. ಬಸುರಿ ಹೆಣ್ಣಿಗೆ ಕುಬಸದಲ್ಲಿ ಹಸಿರು ಬಳೆ. ಮದುಮಗಳಿಗೆ ಮೊಣಕೈವರೆಗೂ ಹಸಿರು ಬಳೆ. ರೊಟ್ಟಿ ಬಡಿಯುವಾಗ ಗಲಗಲ ಎನ್ನಬೇಕು, ಇಲ್ಲದಿದ್ದರೆ ಆಯಿಗೆ ಮನೆ ಮನೆಯಂತೆ ಅನಿಸುತ್ತಿರಲಿಲ್ಲ.

ಒಡೆದ ಚೂರು ಮಕ್ಕಳ ಆಸ್ತಿ. ತಗಡಿನ ಡಬ್ಬಿಯಲ್ಲಿ ಬಣ್ಣಬಣ್ಣದ ಚೂರು ಕೂಡಿಸುತ್ತಿದ್ದೆವು. ಚಿಮಣಿ ಬುಡ್ಡಿಯ ಉರಿಗೆ ಒಂದು ಚೂರಿನ ನಡುಭಾಗ ಹಿಡಿದರೆ ಮೊದಲು ಕಪ್ಪಾಗಿ, ಆಮೇಲೆ ಕೆಂಪಾಗಿ, ತಾನಾಗಿ ಬಾಗುತ್ತದೆ. ಬಾಗುವ ಗಳಿಗೆಯಲ್ಲಿ ಎರಡು ತುದಿ ಕೂಡಿಸಿದರೆ ಒಂದು ಕೊಂಡಿ. ಆ ಕೊಂಡಿಯಲ್ಲಿ ಇನ್ನೊಂದು ಚೂರು ತೂರಿಸಿ ಮತ್ತೆ ಉರಿಗೆ. ಹೀಗೆ ಹಸಿರು, ಕೆಂಪು, ಹಳದಿ ಕೂಡಿದ ಸರಪಳಿ ಬಾಗಿಲಿಗೆ ತೋರಣವಾಗುತ್ತಿತ್ತು. ಬೆರಳ ತುದಿ ಸುಟ್ಟುಕೊಂಡವರೇ ಎಲ್ಲ. ಗಾಜು ಕಲ್ಲಿನಂಥದಲ್ಲ, ಬೆಲ್ಲದ ಪಾಕದಂಥದು ಎಂಬುದನ್ನು ನಾನು ಕಲಿತದ್ದು ಆ ಉರಿಯಲ್ಲಿ.

ಅಜ್ಜ ತೀರಿಹೋದಾಗ ಆಯಿಯ ಬಳೆ ಒಡೆದರು. ಅಂಗಳದಲ್ಲಿ ಬಿದ್ದ ಆ ಚೂರುಗಳನ್ನು ಮಕ್ಕಳು ಯಾರೂ ಆರಿಸಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ ಬದಲಾಯಿತು.

ಮಳೆ ಹುಯ್ದ ಮಾರನೆಯ ದಿನ ಊರಾಚೆಯ ಹೊಲದಲ್ಲಿ, ತೊಳೆದ ಎರೆಮಣ್ಣಿನ ಮೇಲೆ, ಗಡಿಗೆಯ ಬಿಲ್ಲೆಗಳ ನಡುವೆ ಬಳೆಚೂರು ಹೊಳೆಯುತ್ತಿದ್ದವು. ನಮ್ಮ ಡಬ್ಬಿಗೆ ಅವೂ ಬಂದು ಸೇರಿದವು. ಅವು ದಪ್ಪ, ಮೈ ಒರಟು, ಕೆಲವು ಕಪ್ಪು. ಉರಿಗೆ ಹಿಡಿದರೆ ಬೇಗ ಬಾಗುತ್ತಿರಲಿಲ್ಲ. ಯಾವ ಕಾಲದವೋ ಎಂದು ಯಾರಿಗೆ ಯೋಚನೆ? ನಮ್ಮೂರಿನ ಜೈನ ಶಾಸನವೊಂದನ್ನು ಫ್ಲೀಟ್ ಸಾಹೇಬ ಪ್ರಕಟಿಸಿದ್ದಾನೆ, ಅದು ಶಕ 998ರದು, ಅಂದರೆ ಕ್ರಿ.ಶ. 1076ರ ಹೊತ್ತಿನದು ಎಂಬುದು ನನಗೆ ಶಿಕ್ಷಕಿಯಾದ ಮೇಲೆ ಗೊತ್ತಾಯಿತು. ಒಂಬೈನೂರು ವರ್ಷದಿಂದ ಇಲ್ಲಿ ಹೆಂಗಸರು ಬಳೆ ಇಟ್ಟಿದ್ದಾರೆ, ಒಡೆದಿದ್ದಾರೆ.

ಶಾಲೆಯ ಮಕ್ಕಳನ್ನು ಕೊಲ್ಲಾಪುರಕ್ಕೆ ಪ್ರವಾಸ ಕರಕೊಂಡು ಹೋದಾಗ ಇದು ನನಗೆ ಸರಿಯಾಗಿ ಹೊಳೆಯಿತು. ಅಂಬಾಬಾಯಿಯ ದರ್ಶನವಾದ ಮೇಲೆ ಟೌನ್ ಹಾಲಿನ ಮ್ಯೂಸಿಯಮ್ಮಿಗೆ ಹೋದೆವು. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬವನ್ನು 1945-46ರಲ್ಲಿ ಸಾಂಕಳಿಯಾ ಮತ್ತು ಮೋರೇಶ್ವರ ದೀಕ್ಷಿತರು ಅಗೆದಾಗ ಸಿಕ್ಕ ಸಾಮಾನು ಅಲ್ಲಿದೆ. ಸಮುದ್ರದೇವತೆ ಪೊಸೈಡನ್ನನ ಕಂಚಿನ ಮೂರ್ತಿಗಾಗಿ ಆ ದಿಬ್ಬ ಪ್ರಸಿದ್ಧ; ರೋಮಿನ ವ್ಯಾಪಾರ ಇಲ್ಲಿಯವರೆಗೆ ಬಂದಿತ್ತು ಎಂದು ಮಾಸ್ತರರು ಮಕ್ಕಳಿಗೆ ತೋರಿಸುವುದು ಅದನ್ನೇ. ಆದರೆ ಸಾತವಾಹನರ ಪದರದ ಮೇಲೆ ಬಹಮನಿ ಕಾಲದ ಪದರ ಇತ್ತು, ಅದರಲ್ಲಿ ಗಾಜಿನ ಬಳೆಯ ಚೂರುಗಳು ರಾಶಿರಾಶಿ ಸಿಕ್ಕಿದ್ದವು. ಒಂದೇ ಬಣ್ಣದವು, ಎರಡು ಬಣ್ಣದವು, ಹಲವು ಬಣ್ಣ ಕೂಡಿಸಿದವು. ದೀಕ್ಷಿತರು ಅವನ್ನು ಕಸವೆಂದು ಬದಿಗೆ ಸರಿಸದೆ ಒಂದೊಂದನ್ನೂ ವಿಂಗಡಿಸಿ ಕೂತರು. ಮಣಿ, ಬಳೆ, ಬಾಟಲಿ ಎಂದು ಜೀವಮಾನವೆಲ್ಲ ಅದನ್ನೇ ಹಿಂಬಾಲಿಸಿ, 1969ರಲ್ಲಿ ಭಾರತದ ಗಾಜಿನ ಚರಿತ್ರೆಯನ್ನೇ ಬರೆದರು.

ತಟ್ಟೆಯಲ್ಲಿಟ್ಟ ಚೂರುಗಳ ಮುಂದೆ ನಮ್ಮ ಶಾಲೆಯ ಹುಡುಗಿಯೊಬ್ಬಳು, ‘ಬಾಯಾರ, ಇಂಥಾವು ನಮ್ಮ ಹೊಲದಾಗೂ ಅದಾವ್ರಿ’ ಎಂದಳು. ಉಳಿದವರು ನಕ್ಕರು. ನಾನು ನಗಲಿಲ್ಲ.

ಆ ಕಾಲದ ಬಳೆಗೆ ಬೆಸುಗೆಯ ಗೆರೆ ಇರುವುದಿಲ್ಲ. ಪಾಕವನ್ನು ಕಬ್ಬಿಣದ ಸಲಾಕೆಗೆ ಹತ್ತಿಸಿ, ಅದರ ಹನಿಯಲ್ಲಿ ತೂತು ಮಾಡಿ, ಮೊನಚಾದ ಮಣ್ಣಿನ ಅಚ್ಚಿನ ಮೇಲೆ ಗಿರ್ರನೆ ತಿರುಗಿಸಿ ಅಗಲ ಮಾಡುತ್ತಿದ್ದರು. ಈಗ ಫಿರೋಜಾಬಾದಿನ ಬಳೆ ಹಾಗಲ್ಲ. ಗಾಜಿನ ಎಳೆಯನ್ನು ಸುರುಳಿ ಸುತ್ತಿ, ಕತ್ತರಿಸಿ, ಎರಡು ತುದಿಯನ್ನು ಉರಿಯಲ್ಲಿ ಕೂಡಿಸುತ್ತಾರೆ. ಬಳೆಯ ಮೇಲೆ ಉಗುರಾಡಿಸಿದರೆ ಆ ಗಂಟು ತಾಗುತ್ತದೆ. ನಮ್ಮ ಕರ್ನಾಟಕದಲ್ಲೂ ಈ ಕೆಲಸ ನಡೆದಿತ್ತು. ಟಿಪ್ಪು ಮಡಿದ ಮೇಲೆ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನು ಕಂಡು ಬರೆದಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಕಪ್ಪಿಗೆ. ನಮ್ಮ ಹೊಲದ ಕಪ್ಪು ಚೂರುಗಳ ನೆನಪಾಗಿ ನನಗೆ ರೋಮಾಂಚನವಾದದ್ದು ಆ ಸಾಲು ಓದಿದಾಗ. ಅದೇ ಭಟ್ಟಿಯವು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಇಂಥ ಭಟ್ಟಿಗಳ ಉರಿ ಆರಿಸಿದ್ದು ಯಾವುದು ಎಂಬುದು ಗೊತ್ತಿದೆ. ಹಡಗಿನಲ್ಲಿ ಬಂದ ಸೋವಿ ಬಳೆ. ಬೊಹೆಮಿಯಾದ ಗಾಬ್ಲೊನ್ಸ್ ಊರಿನ ಕುಶಲಕರ್ಮಿಗಳು ನಮ್ಮ ಹೆಂಗಸರ ಕೈಯಳತೆ ನೋಡಿ ಬಳೆ ಮಾಡಿ ಕಳಿಸುತ್ತಿದ್ದರು; ಮುಂದೆ ಜಪಾನಿನವರೂ ಕಳಿಸಿದರು.

ಇಲ್ಲಿಗೆ ಬಂದರೆ ಲೆಕ್ಕ ಕೂಡುತ್ತದೆ. ಬೊಹೆಮಿಯಾದ ಕೆಂಪು ಗಾಜು ಶ್ರೀಮಂತರ ಪಡಸಾಲೆಗೆ ಬಂತು. ಅದೇ ಬೊಹೆಮಿಯಾದ ಬಳೆ ನಮ್ಮ ಆಯಿಯ ಅವ್ವನ ಕಾಲದ ಹೆಂಗಸರ ಕೈಗೂ ಬಂದಿರಬೇಕು. ಒಂದೇ ಸೀಮೆಯ ಮರಳು, ಒಂದೇ ಬಂದರು. ಹೂಜಿಗೆ ಕಪಾಟು ಸಿಕ್ಕಿತು, ಚೀಟಿ ಸಿಕ್ಕಿತು, ಮೇಲೊಂದು ವಿದ್ಯುತ್ ದೀಪ ಸಿಕ್ಕಿತು. ಬಳೆ ತಿಪ್ಪೆಗೆ ಹೋಯಿತು, ತಿಪ್ಪೆಯಿಂದ ಗೊಬ್ಬರದ ಜತೆ ಹೊಲಕ್ಕೆ ಹೋಯಿತು. ಬಳಸಿದ್ದರಿಂದಲೇ ಒಡೆಯಿತು, ಒಡೆದದ್ದರಿಂದಲೇ ಮಣ್ಣು ಅದನ್ನು ಕಾಯ್ದಿಟ್ಟಿತು. ಹಾಗಾಗಿ ಮ್ಯೂಸಿಯಮ್ಮುಗಳಲ್ಲಿ ಎರಡು ತರದ ಗಾಜು ನಮಗೆ ಸಿಗುತ್ತದೆ. ಯಾರೂ ಮುಟ್ಟದ್ದು ಒಂದು, ಮುಟ್ಟಿ ಮುಟ್ಟಿ ಚೂರಾದದ್ದು ಇನ್ನೊಂದು. ಮೊದಲನೆಯದಕ್ಕೆ ಒಂದು ಅಂತಸ್ತು, ಎರಡನೆಯದಕ್ಕೆ ಒಂದು ತಟ್ಟೆ. ಒಡೆಯದ ಗಾಜನ್ನು ನೋಡಿದರೆ ಕೊಂಡವನ ಹಣ ಗೊತ್ತಾಗುತ್ತದೆ. ಮನೆ ಹೇಗೆ ನಡೆಯುತ್ತಿತ್ತು ಎಂದು ಗೊತ್ತಾಗಬೇಕಾದರೆ ಚೂರುಗಳನ್ನೇ ಕೇಳಬೇಕು.

ನಡುವಿನ ಗಾಜಂತೂ ಎಲ್ಲಿಯೂ ಇಲ್ಲ. ಕಂದೀಲಿನ ಗಾಜು ಎಷ್ಟು ಮನೆಗಳಲ್ಲಿ ಉಳಿದಿದೆ? ಗೋಲಿ ಸೋಡಾದ ಬಾಟಲಿಯನ್ನು ಇಂಗ್ಲೆಂಡಿನ ಹೈರಂ ಕಾಡ್ ಎಂಬುವನು 1872ರಲ್ಲಿ ಪೇಟೆಂಟ್ ಮಾಡಿಸಿದ. ಅವನ ದೇಶದಲ್ಲಿ ಅದು ಎಂದೋ ಹೋಯಿತು. ನಮ್ಮ ಸಂತೆಯಲ್ಲಿ ನನ್ನ ಕಣ್ಣಮುಂದೆಯೇ ಠಸ್ಸೆಂದು ಬಿಚ್ಚುತ್ತಿತ್ತು. ಅದರ ಗೋಲಿಗಾಗಿ ಹುಡುಗರು ಬಾಟಲಿಯನ್ನೇ ಒಡೆದು ಏಟು ತಿನ್ನುತ್ತಿದ್ದರು. ಉಪ್ಪಿನಕಾಯಿಯ ಗಾಜಿನ ಭರಣಿ, ಅತ್ತರಿನ ಸಣ್ಣ ಶೀಶೆ, ಔಷಧದ ನೀಲಿ ಬಾಟಲಿ, ಇವು ಶ್ರೀಮಂತರದೂ ಅಲ್ಲ, ಪುರಾತತ್ವದವರದೂ ಅಲ್ಲ. ಇವನ್ನು ಎತ್ತಿಡಬೇಕು ಎಂದು ಯಾರಿಗೂ ಅನಿಸಲಿಲ್ಲ.

ಈಚೆಗೆ ನಮ್ಮ ಕಡೆಯ ಶಾಲೆಯೊಂದರ ತರುಣ ಮಾಸ್ತರರು ಹಳೇ ಸಾಮಾನಿನ ಒಂದು ಕಪಾಟು ಮಾಡಬೇಕೆಂದಿದ್ದೇನೆ, ಏನಿಡೋಣ ಎಂದು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ನೇಗಿಲು, ಕೂರಿಗೆ, ಬೀಸುಕಲ್ಲು. ಅವೆಲ್ಲ ಇರಲಿ, ಗಾಜಿಗೂ ಒಂದು ಖಣ ಕೊಡ್ರಿ ಎಂದೆ. ಕಂದೀಲು ಇರಲಿ, ಅದರ ಪಕ್ಕ ಒಂದು ಬೂದಿಯ ಬಟ್ಟಲೂ ಇರಲಿ, ಇಲ್ಲದಿದ್ದರೆ ಒರೆಸಿದ ಕೈ ಯಾರದೆಂದು ಗೊತ್ತಾಗುವುದಿಲ್ಲ. ಮಕ್ಕಳು ತಂತಮ್ಮ ಹೊಲದಿಂದ ಬಳೆಚೂರು ತರಲಿ. ಯಾವ ಹೊಲ, ಯಾವ ಮೂಲೆ, ಯಾವ ಬಣ್ಣ ಎಂದು ಬರೆದು ಇಡಲಿ. ಅಗೆಯುವುದು ಬೇಡ, ಮಳೆ ಎತ್ತಿಕೊಟ್ಟದ್ದು ಸಾಕು. ಮನೆಯಲ್ಲಿ ಆಯಿ ಇದ್ದರೆ ಬಳೆ ಇಡಿಸಿಕೊಂಡ ಕತೆ ಕೇಳಿ ಚೀಟಿಯಲ್ಲಿ ಬರೆಯಲಿ.

ಮಾಸ್ತರರು ಎಲ್ಲಕ್ಕೂ ಒಪ್ಪಿದರು. ಒಂದಕ್ಕೆ ಮಾತ್ರ ತಲೆ ತುರಿಸಿಕೊಂಡರು. ಕಪಾಟಿನ ಆ ಖಣಕ್ಕೆ ಕೀಲಿ ಹಾಕಬಾರದು ಎಂದಿದ್ದೆ.

‘ಮಕ್ಕಳು ಮುಟ್ಟತಾವ್ರಿ, ಬಾಯಾರ. ಒಡೀತಾವ.’

‘ಒಡದರ ಒಡೀಲಿ ಬಿಡ್ರಿ,’ ಎಂದೆ. ‘ಹೊಲದಾಗ ಬೇಕಾದಷ್ಟು ಬಿದ್ದಾವ.’